ಪರಿಸರ ಶಾಸ್ತ್ರದ ವ್ಯಾಸಂಗವೂ ಚನ್ನಪಟ್ಟಣ ಸೀಮೆಯ ವ್ಯವಸಾಯವೂ

ಚನ್ನಪಟ್ಟಣ ಸೀಮೆಯ ಜಮೀನುದಾರರಲ್ಲಿ ಮಕ್ಕಳನ್ನು ಕಾಲೇಜಿಗೆ ಕಳುಹಿಸದವರು ಈಗ ವಿರಳ. ಮಗನಾಗಲಿ ಮಗಳಾಗಲಿ ವೈದ್ಯವನ್ನೋ ಇಂಜಿನಿಯರಿಂಗನ್ನೋ ಓದುವೆನೆಂದರೆ ತಂದೆಯು ತೆಂಗಿನ ಹಣವನ್ನಾದರೂ ಗೂಡಿನ ಹಣವನ್ನಾದರೂ ಮರುಮಾತಿಲ್ಲದೆ ತೆಗೆದು ಕೊಡುತ್ತಾನೆ. ಆದರೆ ಅದೇ ಮಗನು ಪರಿಸರ ಶಾಸ್ತ್ರವನ್ನೂ ಜೀವಸಂರಕ್ಷಣೆಯನ್ನೂ ಓದುವೆನೆಂದರೆ, "ಗಿಡ ಹಕ್ಕಿಗಳನ್ನು ನೋಡುವುದಕ್ಕೆ ವಿಶ್ವವಿದ್ಯಾನಿಲಯವೇಕೆ? ಅವು ನಮ್ಮ ಹೊಲದ ಬದುವಿನಲ್ಲಿಯೇ ಇವೆಯಲ್ಲ" ಎಂಬ ಪ್ರಶ್ನೆ ಹುಟ್ಟುತ್ತದೆ. ಈ ಪ್ರಶ್ನೆಯು ನ್ಯಾಯವಾದದ್ದೇ. ಹಣ ಕೊಡುವವನು ಪ್ರಯೋಜನವನ್ನು ವಿಚಾರಿಸತಕ್ಕದ್ದು ಸಹಜ. ಆದಕಾರಣ ಈ ವಿದ್ಯೆಯು ಯಾವುದು, ಅದನ್ನು ಹೇಗೆ ಕಲಿಸುತ್ತಾರೆ, ಅದರಿಂದ ಭೂಮಿಯುಳ್ಳವನಿಗೆ ಬರುವ ಲಾಭವೇನು ಎಂಬುದನ್ನು ಈ ಸೀಮೆಯ ದೃಷ್ಟಾಂತಗಳಿಂದಲೇ ಇಲ್ಲಿ ವಿವರಿಸಲಾಗುವುದು.

೧. ಶಾಸ್ತ್ರದ ಅರ್ಥ

೧೮೬೬ರಲ್ಲಿ ಅರ್ನ್‌ಸ್ಟ್ ಹೆಕೆಲ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞನು ಈ ವಿದ್ಯೆಗೆ 'ಇಕಾಲಜಿ' ಎಂಬ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ಮನೆ ಎಂಬ ಅರ್ಥವುಳ್ಳ ಪದದಿಂದ ಈ ಹೆಸರು ಬಂದಿದೆ. ಮನೆಯ ಯಜಮಾನನಿಗೆ ಕಣಜದಲ್ಲಿರುವ ಧಾನ್ಯವೆಷ್ಟು, ಉಣ್ಣುವವರೆಷ್ಟು ಮಂದಿ, ಯಾರ ದುಡಿಮೆ ನಿಂತರೆ ಯಾರಿಗೆ ತೊಂದರೆ ಎಂಬುದೆಲ್ಲ ತಿಳಿದಿರಬೇಕಷ್ಟೆ. ಅದರಂತೆಯೇ ಒಂದು ಭೂಮಿಯಲ್ಲಿ ಮಣ್ಣು, ನೀರು, ಗಿಡ, ಹುಳು, ಹಕ್ಕಿ, ಜಾನುವಾರು, ಮನುಷ್ಯ ಇವೆಲ್ಲವೂ ಒಂದನ್ನೊಂದು ಹೇಗೆ ಅವಲಂಬಿಸಿವೆ ಎಂಬುದನ್ನು ಲೆಕ್ಕವಿಟ್ಟು ತಿಳಿಯುವುದೇ ಪರಿಸರ ಶಾಸ್ತ್ರ. ೧೯೩೫ರಲ್ಲಿ ಟಾನ್ಸ್ಲೆ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞನು ಸಜೀವ ನಿರ್ಜೀವ ವಸ್ತುಗಳೆರಡನ್ನೂ ಕೂಡಿಸಿ ಒಂದೇ ವ್ಯವಸ್ಥೆಯೆಂದು ಎಣಿಸಬೇಕೆಂದು ಹೇಳಿದನು. ಈಗಿನ ಪಾಠಗಳೆಲ್ಲವೂ ಈ ತಳಹದಿಯ ಮೇಲೆಯೇ ನಿಂತಿವೆ. ಹೀಗೆ ತಿಳಿದದ್ದನ್ನು ಬಳಸಿ, ನಾಶವಾಗುತ್ತಿರುವುದನ್ನು ಉಳಿಸುವ ಉಪಾಯಕ್ಕೆ ಸಂರಕ್ಷಣೆಯೆಂದು ಹೆಸರು.

ಇದಕ್ಕೆ ಸುಲಭವಾದ ಉದಾಹರಣೆಯೊಂದುಂಟು. ಚನ್ನಪಟ್ಟಣದ ಸಮೀಪದಲ್ಲಿ ಕಣ್ವಾ ಹೊಳೆಗೆ ಅಡ್ಡಲಾಗಿ ೧೯೪೬ರಲ್ಲಿ ಜಲಾಶಯವು ನಿರ್ಮಾಣವಾಯಿತು. ಮೇಲಿನ ದಿಣ್ಣೆಯಲ್ಲಿ ಬದುವಿಲ್ಲದ ಹೊಲದಿಂದ ಮಳೆಗೆ ಕೊಚ್ಚಿಹೋದ ಮಣ್ಣು, ಕೆಳಗಿನ ಕೆರೆಯಲ್ಲಾಗಲಿ ಜಲಾಶಯದಲ್ಲಾಗಲಿ ಹೂಳಾಗಿ ನಿಲ್ಲುತ್ತದೆ. ಮೇಲಿನವನು ಸತ್ವವಿರುವ ಮಣ್ಣನ್ನು ಕಳೆದುಕೊಂಡನು; ಕೆಳಗಿನವನು ನೀರು ನಿಲ್ಲುವ ಜಾಗವನ್ನು ಕಳೆದುಕೊಂಡನು. ಇಬ್ಬರ ಖಾತೆಗಳೂ ಬೇರೆಯಾದರೂ ನಷ್ಟವು ಒಂದೇ ಮಣ್ಣಿನದು. ಹೊಲದ ಲೆಕ್ಕವನ್ನು ಮಾತ್ರ ನೋಡಿದರೆ ಈ ಸಂಬಂಧವು ಕಾಣುವುದಿಲ್ಲ. ಇಡೀ ಜಲಾನಯನವನ್ನು ನೋಡುವವನಿಗೆ ಅದು ಕಾಣುತ್ತದೆ.

೨. ವಿಶ್ವವಿದ್ಯಾನಿಲಯದಲ್ಲಿ ಕಲಿಸುವ ಕ್ರಮ

ಬದುವಿನಲ್ಲಿ ಹಕ್ಕಿಯನ್ನು ನೋಡುವುದಕ್ಕೂ ಶಾಸ್ತ್ರವಾಗಿ ನೋಡುವುದಕ್ಕೂ ಭೇದವಿದೆ. ವಿದ್ಯಾರ್ಥಿಯು ಮೊದಲು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಮಣ್ಣಿನ ವಿಚಾರ ಇವುಗಳನ್ನು ಓದಿ, ಅವುಗಳೊಡನೆ ಸಂಖ್ಯಾಶಾಸ್ತ್ರವನ್ನೂ ಕಲಿಯತಕ್ಕದ್ದಾಗಿದೆ. ಈ ವ್ಯಾಸಂಗದಿಂದ ಅವನಿಗೆ ಮುಖ್ಯವಾಗಿ ಮೂರು ಅಭ್ಯಾಸಗಳು ಬರುತ್ತವೆ. ಮೊದಲನೆಯದು, ಗುರುತು ಹಿಡಿಯುವುದು. ಎರಡು ಹುಳುಗಳು ಕಣ್ಣಿಗೆ ಒಂದೇ ತೆರನಾಗಿದ್ದರೂ ಒಂದು ಬೆಳೆಯನ್ನು ತಿನ್ನುವುದು, ಇನ್ನೊಂದು ಆ ತಿನ್ನುವ ಹುಳುವನ್ನೇ ತಿನ್ನುವುದು. ಎರಡನೆಯದು, ಎಣಿಸುವುದು, ಹೆಚ್ಚು, ಕಡಮೆ ಎಂದು ಹೇಳುವುದಕ್ಕೆ ಬದಲಾಗಿ ಎಷ್ಟು ಎಂದು ಹೇಳುವುದು. ಮೂರನೆಯದು, ಹೋಲಿಸುವುದು; ಔಷಧಿ ಹೊಡೆದ ತಾಕಿನ ಪಕ್ಕದಲ್ಲಿಯೇ ಹೊಡೆಯದ ತಾಕೊಂದನ್ನು ಬಿಟ್ಟು, ಗುಣವು ಔಷಧಿಯಿಂದ ಬಂತೋ ಮಳೆಯಿಂದ ಬಂತೋ ಎಂದು ನಿರ್ಧರಿಸುವುದು.

ಕಾರಣವನ್ನು ತಿಳಿಯದೆ ಚಿಕಿತ್ಸೆಗೆ ಕೈ ಹಾಕಬಾರದೆಂಬುದು ಈ ಶಾಸ್ತ್ರದ ಮೊದಲ ಪಾಠ. ಆ ಪಾಠವನ್ನು ಅನುಸರಿಸಿದರೆ ಆಗುವ ಪ್ರಯೋಜನವನ್ನೂ ಅನುಸರಿಸದಿದ್ದರೆ ಆಗುವ ಕೇಡನ್ನೂ ಮುಂದಿನ ಮೂರು ದೃಷ್ಟಾಂತಗಳು ತೋರಿಸುತ್ತವೆ.

೩. ಹಿಪ್ಪುನೇರಳೆಯ ಹಿಟ್ಟು ತಿಗಣೆ

ರೇಷ್ಮೆಯು ಈ ಸೀಮೆಯ ಜೀವನಾಧಾರ. ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಗಿಡದ ಮೇಲೆ ಹೊಸದೊಂದು ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಕೀಟ. ಅಲ್ಲಿಂದಾಚೆಗೆ ಸ್ವಲ್ಪ ಕಾಲದಲ್ಲಿಯೇ ತಮಿಳುನಾಡಿನ ಮತ್ತು ಕರ್ನಾಟಕದ ಪರಂಗಿ, ಮರಗೆಣಸು, ಹಿಪ್ಪುನೇರಳೆ ತೋಟಗಳಿಗೆ ಅದು ಹರಡಿತು. ಎಲೆ ಸುರುಟಿಕೊಂಡು, ಕುಡಿ ಕುಗ್ಗಿ, ಗಿಡವೆಲ್ಲ ಹಿಟ್ಟು ಚೆಲ್ಲಿದಂತೆ ಬಿಳುಪಾಗುತ್ತಿತ್ತು.

ಇತರ ಬೆಳೆಗಳಾದರೆ ರೈತನು ಬಲವಾದ ವಿಷವನ್ನು ಹೊಡೆದು ನೋಡಬಹುದು. ಹಿಪ್ಪುನೇರಳೆಯಲ್ಲಿ ಅದು ಸಾಧ್ಯವಿಲ್ಲ; ಸೊಪ್ಪಿನ ಮೇಲೆ ನಿಂತ ವಿಷವು ಮನೆಯಲ್ಲಿರುವ ರೇಷ್ಮೆ ಹುಳುವಿನ ಹೊಟ್ಟೆಗೇ ಸೇರುತ್ತದೆ. ಅಲ್ಲದೆ ಈ ತಿಗಣೆಯ ಮೈಮೇಲೆ ಮೇಣದ ಹೊದಿಕೆಯಿರುವುದರಿಂದ ಔಷಧಿಯು ಸುಲಭವಾಗಿ ತಗಲುವುದಿಲ್ಲ. ಬೇಲಿಯ ಮಗ್ಗುಲಿನ ಪಾರ್ಥೇನಿಯಂ ಕಳೆಯಲ್ಲಿಯೂ ಅದು ಬದುಕಿರುವುದರಿಂದ ತೋಟದಲ್ಲಿ ಸತ್ತರೂ ಬೇಲಿಯಿಂದ ಮರಳಿ ಬರುತ್ತದೆ.

ಇಲ್ಲಿ ಪರಿಸರ ಶಾಸ್ತ್ರವನ್ನು ಬಲ್ಲವನು ಕೇಳುವ ಪ್ರಶ್ನೆಯೇ ಬೇರೆ. ಈ ಕೀಟವು ತನ್ನ ತವರಿನಲ್ಲಿ ಏಕೆ ಇಷ್ಟು ಹೆಚ್ಚುವುದಿಲ್ಲ? ಅಲ್ಲಿ ಅದನ್ನು ಹದ್ದಿನಲ್ಲಿಡುವ ಶತ್ರು ಯಾವುದು? ಆ ಶತ್ರುವು ಅತಿ ಸಣ್ಣ ಕಣಜದ ಜಾತಿಯದು. ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿಯು ಒಳಗಿನಿಂದಲೇ ತಿಂದು ತಿಗಣೆಯನ್ನು ಒಣ ಸಿಪ್ಪೆ ಮಾಡುತ್ತದೆ. ೨೦೧೦ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊ ದ್ವೀಪದಿಂದ ಇಂಥ ಮೂರು ಜಾತಿಯ ಕಣಜಗಳನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಗೆ ತರಿಸಲಾಯಿತು. ಪ್ರತಿಬಂಧದಲ್ಲಿಟ್ಟು ಪರೀಕ್ಷಿಸಿದ ಮೇಲೆಯೇ ಅವುಗಳನ್ನು ತೋಟಗಳಿಗೆ ಬಿಡಲಾಯಿತು. ಅವುಗಳಲ್ಲಿ 'ಅಸೆರೋಫಾಗಸ್ ಪಪಾಯೆ' ಎಂಬುದು ಎಲ್ಲಕ್ಕಿಂತ ಚೆನ್ನಾಗಿ ನೆಲೆಗೊಂಡು ತಿಗಣೆಯನ್ನು ತಗ್ಗಿಸಿತು.

ಈ ಉಪಾಯವು ಈ ನಾಡಿಗೆ ಹೊಸದಲ್ಲ. ಹಿಂದೆ ದಕ್ಷಿಣ ಭಾರತದ ಗೋಮಾಳ ಹೊಲಗಳನ್ನು ಪಾಪಾಸುಕಳ್ಳಿಯು ಆವರಿಸಿಕೊಂಡಿದ್ದಾಗ, ೧೯೨೬ರಲ್ಲಿ ಸಿಂಹಳದಿಂದ ಕಾಚಿನೀಲ್ ಜಾತಿಯ ಕೀಟವನ್ನು ತಂದು ಬಿಟ್ಟು ಅದನ್ನು ಅಡಗಿಸಲಾಯಿತು. ಎರಡು ಸಂದರ್ಭಗಳಲ್ಲಿಯೂ ಗುಟ್ಟು ಒಂದೇ: ತಂದ ಕೀಟವು ತನ್ನ ಆಹಾರವನ್ನು ಬಿಟ್ಟು ಬೇರೊಂದನ್ನು ಮುಟ್ಟಬಾರದು. ಇದನ್ನು ಪರೀಕ್ಷಿಸದೆ ಹೊರಗಿನ ಜೀವಿಯನ್ನು ತಂದು ಬಿಟ್ಟರೆ ಉಪಕಾರಕ್ಕೆ ಬದಲು ಅಪಕಾರವಾಗುವುದು. ಆದ್ದರಿಂದ ಇದು ಶಾಸ್ತ್ರ ಬಲ್ಲವರ ಕೆಲಸವೇ ಹೊರತು ಅಂಗಡಿಯವರ ಕೆಲಸವಲ್ಲ.

ಜಮೀನುದಾರನು ಇದರಿಂದ ತಿಳಿಯಬೇಕಾದದ್ದೇನೆಂದರೆ, ತೋಟದಲ್ಲಿ ಹಿಟ್ಟು ತಿಗಣೆ ಕಂಡೊಡನೆ ಔಷಧಿಯ ಡಬ್ಬಿಗೆ ಕೈ ಹಾಕಬಾರದು. ತಿಗಣೆಗಳಲ್ಲಿ ಕೆಲವು ಊದಿ, ಒಣಗಿ, ಕಂದು ಬಣ್ಣಕ್ಕೆ ತಿರುಗಿವೆಯೇ ಎಂದು ಮೊದಲು ನೋಡಬೇಕು. ಹಾಗಿದ್ದರೆ ಕಣಜವು ಕೆಲಸ ಮಾಡುತ್ತಿದೆಯೆಂದು ಅರ್ಥ. ಆಗ ವಿಷ ಹೊಡೆದರೆ ಕೂಲಿಯಿಲ್ಲದೆ ದುಡಿಯುವ ಆಳನ್ನು ಕೊಂದಂತಾಗುವುದು.

೪. ರಾಮದೇವರ ಬೆಟ್ಟದ ರಣಹದ್ದು

ಚನ್ನಪಟ್ಟಣಕ್ಕೆ ನೆರೆಯ ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತ ಬಂದಿವೆ. ೨೦೧೨ರಲ್ಲಿ ಸರ್ಕಾರವು ಅಲ್ಲಿನ ಸುಮಾರು ೩೪೬ ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ಹಿಂದೆ ದನ ಸತ್ತರೆ ಗುಂಪಾಗಿ ಇಳಿಯುತ್ತಿದ್ದ ಈ ಹಕ್ಕಿಗಳು ಈಗ ಆ ಬೆಟ್ಟದಲ್ಲಿ ಕೆಲವೇ ಉಳಿದಿವೆ.

೧೯೯೦ರ ದಶಕದಿಂದ ಭಾರತದಲ್ಲೆಲ್ಲ ರಣಹದ್ದುಗಳ ಮುಖ್ಯ ಜಾತಿಗಳು ನೂರಕ್ಕೆ ೯೫ಕ್ಕಿಂತಲೂ ಹೆಚ್ಚಾಗಿ ನಾಶವಾದವು. ಯಾವುದೋ ಅಂಟುರೋಗವಿರಬೇಕೆಂದು ಮೊದಲು ಶಂಕಿಸಲಾಯಿತು. ಸತ್ತ ಹಕ್ಕಿಗಳನ್ನು ಸೀಳಿ ಪರೀಕ್ಷಿಸಿದಾಗ ಮೂತ್ರಪಿಂಡಗಳು ಕೆಟ್ಟಿರುವುದು ಕಂಡುಬಂದಿತು. ಇದಕ್ಕೆ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿಯೇ ಕಾರಣವೆಂದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯು ೨೦೦೪ರಲ್ಲಿ ಸ್ಥಿರಪಡಿಸಿತು. ಕುಂಟುವ ಎತ್ತಿಗೋ ಜ್ವರದ ಹಸುವಿಗೋ ಈ ಔಷಧಿಯನ್ನು ಕೊಟ್ಟ ಸ್ವಲ್ಪ ದಿನಗಳೊಳಗೆ ಆ ದನವು ಸತ್ತರೆ, ಅದರ ಮಾಂಸವನ್ನು ತಿಂದ ರಣಹದ್ದು ಸಾಯುತ್ತದೆ.

ಇಲ್ಲಿ ಲೆಕ್ಕದ ಪ್ರಯೋಜನವನ್ನು ಗಮನಿಸಬೇಕು. ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಮೆ ದೇಹಗಳಲ್ಲಿ ಈ ವಿಷವಿದ್ದರೂ ಇಷ್ಟು ನಾಶಕ್ಕೆ ಸಾಕೆಂದು ವಿದ್ವಾಂಸರು ಗಣಿತದಿಂದ ತೋರಿಸಿದರು. ಅದು ಹೇಗೆಂದರೆ, ಒಂದು ಹಕ್ಕಿಯು ಮೂರು ದಿನಕ್ಕೊಮ್ಮೆ ಉಣ್ಣುವುದೆಂದು ಭಾವಿಸಿದರೆ ವರ್ಷಕ್ಕೆ ಸುಮಾರು ೧೨೦ ಊಟಗಳಾಗುತ್ತವೆ. ಇನ್ನೂರು ದೇಹಗಳಲ್ಲಿ ಒಂದು ಮಾತ್ರ ವಿಷವುಳ್ಳದ್ದಾದರೂ ಕೆಲವು ವರ್ಷಗಳೊಳಗೆ ಅದು ಆ ಹಕ್ಕಿಯ ಪಾಲಿಗೆ ಹೆಚ್ಚಾಗಿ ಬಂದೇ ಬರುತ್ತದೆ. ಒಂದೇ ದೇಹದ ಮೇಲೆ ಹತ್ತಾರು ಹಕ್ಕಿಗಳು ಕೂಡುವುದರಿಂದ ಒಂದೇ ದಿನ ಗುಂಪೆಲ್ಲ ಹೋಗುತ್ತದೆ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯಿಡುವುದು. ಮರಿಯು ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಹಿಡಿಯುವುದು. ಹೋದದ್ದು ಬೇಗ ತುಂಬುವಂತಿಲ್ಲ.

ಈ ಹಕ್ಕಿ ಹೋದರೆ ರೈತನಿಗೇನೆಂದು ಕೇಳಬಹುದು. ಸತ್ತ ದನದ ದೇಹವನ್ನು ಕೆಲವೇ ಗಂಟೆಗಳಲ್ಲಿ ಮೂಳೆಯಾಗಿಸುವ ಜಾಡಮಾಲಿ ಇಲ್ಲವಾದರೆ, ದೇಹವು ಕೊಳೆತು ಬಾವಿ ಹಳ್ಳಗಳ ನೀರು ಕೆಡುತ್ತದೆ. ಬೀದಿನಾಯಿಗಳಿಗೆ ಆಹಾರ ಹೆಚ್ಚಿ ಅವುಗಳ ಸಂತತಿ ಬೆಳೆಯುತ್ತದೆ. ನಾಯಿಕಡಿತದ ಭಯವು ಕುರಿಗೂ ಮಗುವಿಗೂ ತಟ್ಟುತ್ತದೆ.

ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರವು ೨೦೦೬ರಲ್ಲಿ ನಿಷೇಧಿಸಿತು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವವರಿದ್ದುದರಿಂದ ೨೦೧೫ರಲ್ಲಿ ಅವುಗಳನ್ನೂ ನಿಲ್ಲಿಸಿತು. ರಣಹದ್ದಿಗೆ ಅದೇ ರೀತಿ ಮಾರಕವಾದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ಔಷಧಿಗಳನ್ನು ಪಶುಗಳಿಗೆ ಕೊಡಬಾರದೆಂದು ೨೦೨೩ರಲ್ಲಿ ಆಜ್ಞೆಯಾಯಿತು. ಮೆಲಾಕ್ಸಿಕಂ ಎಂಬುದು ಹಕ್ಕಿಗೆ ಅಪಾಯವಿಲ್ಲದ ಔಷಧಿ. ಜಮೀನುದಾರನು ದನಕ್ಕೆ ಸೂಜಿ ಹಾಕಿಸುವಾಗ ಔಷಧಿಯ ಹೆಸರನ್ನು ಪಶುವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಬೆಟ್ಟಕ್ಕೆ ಬೇಲಿ ಹಾಕಿದ ಮಾತ್ರಕ್ಕೆ ಈ ಹಕ್ಕಿ ಉಳಿಯದು; ಏಕೆಂದರೆ ಅದರ ಊಟವಿರುವುದು ಸುತ್ತಲಿನ ಹಳ್ಳಿಗಳ ಕೊಟ್ಟಿಗೆಗಳಲ್ಲಿ.

೫. ಬೊಂಬೆಯ ಹಾಲೆ ಮರ

ಚನ್ನಪಟ್ಟಣದ ಹೆಸರು ದೇಶಾಂತರಗಳಿಗೆ ಹೋಗಿರುವುದು ಅರಗಿನ ಬಣ್ಣದ ಬೊಂಬೆಗಳಿಂದ. ಇದಕ್ಕೆ ಹಿಂದಿನಿಂದ ಬಳಕೆಯಲ್ಲಿರುವ ಮರವು ಹಾಲೆ. ಇದನ್ನು ಆಲೆ ಮರವೆಂದೂ ಕರೆಯುತ್ತಾರೆ. ಇದರ ಕಟ್ಟಿಗೆಯು ಬಿಳುಪು, ಮೃದು, ನಯವಾದ ಎಳೆಯುಳ್ಳದ್ದು. ಚರಕಿಯ ಮೇಲೆ ಸುಲಭವಾಗಿ ಕಡೆಯಲು ಬರುತ್ತದೆ. ಬೊಂಬೆಯ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಆದರೆ ಹೆಸರಿನ ರಕ್ಷಣೆಯಿಂದ ಮರವು ಬೆಳೆಯುವುದಿಲ್ಲ.

ಮರವಿದೆಯೇ ಎಂದು ಕೇಳಿದರೆ ಊರಿನವರು ಗೋಮಾಳದತ್ತ ಕೈ ತೋರಿಸಿ ಇದೆಯೆನ್ನುತ್ತಾರೆ. ಪರಿಸರ ಶಾಸ್ತ್ರವು ಕೇಳುವುದು ಬೇರೆ: ಸಸಿ ಎಷ್ಟು, ಎಳೆಮರ ಎಷ್ಟು, ಬಲಿತ ಮರ ಎಷ್ಟು? ಮುದುಕರು ಮಾತ್ರ ಇದ್ದು ಮಕ್ಕಳಿಲ್ಲದ ಮನೆಯು ಇಂದು ತುಂಬಿದಂತೆ ಕಂಡರೂ ನಾಳೆ ಬಾಗಿಲು ಹಾಕುವುದೇ. ಇದನ್ನು ತಿಳಿಯುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಮೊದಲ ವರ್ಷಗಳಲ್ಲಿಯೇ ಕಲಿಸುತ್ತಾರೆ. ಅದನ್ನು ಯಾವ ಊರಿನವರೂ ಅನುಸರಿಸಬಹುದು.

ಗೋಮಾಳದಲ್ಲಿಯೋ ಗುಡ್ಡದ ಓರೆಯಲ್ಲಿಯೋ ಹಗ್ಗದಿಂದ ೧೦ ಮೀಟರ್ ಉದ್ದ, ೧೦ ಮೀಟರ್ ಅಗಲದ ಚೌಕವನ್ನು ಅಳೆದು, ನಾಲ್ಕು ಮೂಲೆಗೂ ಕಲ್ಲು ನೆಡಬೇಕು. ಚೆನ್ನಾಗಿ ಕಂಡ ಜಾಗವನ್ನೇ ಆರಿಸಬಾರದು. ದಾರಿಯಿಂದ ಇಷ್ಟು ಹೆಜ್ಜೆಗೊಂದರಂತೆ ಮೊದಲೇ ಗೊತ್ತುಮಾಡಿ, ಕಡಮೆಯೆಂದರೆ ಹತ್ತು ಚೌಕಗಳನ್ನು ಹಾಕಬೇಕು. ಪ್ರತಿ ಚೌಕದಲ್ಲಿ ಮೊಣಕಾಲೆತ್ತರದ ಸಸಿ, ಆಳೆತ್ತರದ ಎಳೆಗಿಡ, ಬಲಿತ ಮರ ಎಂದು ಮೂರು ಸಾಲಾಗಿ ಎಣಿಸಿ ಬರೆಯಬೇಕು. ಬಲಿತ ಮರದ ಸುತ್ತಳತೆಯನ್ನು ನೆಲದಿಂದ ೧.೩೭ ಮೀಟರ್, ಅಂದರೆ ನಾಲ್ಕೂವರೆ ಅಡಿ, ಎತ್ತರದಲ್ಲಿ ಅಳೆಯಬೇಕು. ಮರುವರ್ಷ ಅದೇ ತಿಂಗಳಿನಲ್ಲಿ ಅದೇ ಚೌಕಗಳಲ್ಲಿ ಮತ್ತೆ ಅಳೆದರೆ ಎಷ್ಟು ಹುಟ್ಟಿತು, ಎಷ್ಟು ಸತ್ತಿತು, ಎಷ್ಟು ದಪ್ಪವಾಯಿತು ಎಂಬುದೆಲ್ಲ ಕಣ್ಣೆದುರಿಗೆ ಬರುತ್ತದೆ. ವರ್ಷಕ್ಕೆ ಬೆಳೆದದ್ದಕ್ಕಿಂತ ಹೆಚ್ಚಾಗಿ ಕಡಿದರೆ ಅದು ಬಡ್ಡಿಯನ್ನಲ್ಲ, ಅಸಲನ್ನೇ ತಿಂದಂತೆ.

ಸಸಿಗಳು ಕಡಮೆಯಿದ್ದರೆ ಕಾರಣವನ್ನು ಹುಡುಕಬೇಕು. ಹಾಲೆಯ ಬೀಜಕ್ಕೆ ರೇಷ್ಮೆಯಂಥ ಕುಚ್ಚಿರುವುದರಿಂದ ಅದು ಗಾಳಿಯಲ್ಲಿ ತೇಲಿ ದೂರ ಬೀಳುತ್ತದೆ; ಬಿದ್ದ ಕಡೆ ಲಂಟಾನವು ದಟ್ಟವಾಗಿ ಮುಚ್ಚಿದ್ದರೆ ಮೊಳೆತ ಸಸಿಗೆ ಬೆಳಕು ಸಿಕ್ಕುವುದಿಲ್ಲ. ಮೇಕೆಗಳು ಕುಡಿಯನ್ನು ಚಿವುಟಿದರೆ ಗಿಡವು ಮೇಲೇಳುವುದಿಲ್ಲ. ಈ ಮರಕ್ಕೆ ಒಂದು ಒಳ್ಳೆಯ ಗುಣವುಂಟು. ಕಡಿದ ಬೊಡ್ಡೆಯಿಂದಲೂ ಬೇರಿನಿಂದಲೂ ಮತ್ತೆ ಚಿಗುರುತ್ತದೆ. ಬೊಡ್ಡೆಯನ್ನು ಕೀಳದೆ, ಚಿಗುರುಗಳಲ್ಲಿ ಒಂದೆರಡನ್ನು ಮಾತ್ರ ಉಳಿಸಿ, ಮುಳ್ಳು ಹಚ್ಚಿ ಮೇಕೆಯಿಂದ ಕಾಪಾಡಿದರೆ ಹೊಸ ಸಸಿ ನೆಡುವುದಕ್ಕಿಂತ ಕಡಮೆ ಖರ್ಚಿನಲ್ಲಿ ಮರವಾಗುವುದು. ಜಮೀನಿನ ಬದುಗಳಲ್ಲಿ ಇದನ್ನು ಬೆಳೆಸುವವರಿಗೂ ಇದೇ ಕ್ರಮವು ಅನ್ವಯಿಸುತ್ತದೆ.

೬. ವ್ಯಾಸಂಗಕ್ಕೆ ಇರುವ ಮಾರ್ಗಗಳು

ಈ ವಿದ್ಯೆಗೆ ದೂರ ಹೋಗಬೇಕಾದ ಅಗತ್ಯವಿಲ್ಲ. ೧೮೯೯ರಲ್ಲಿ ಹೆಬ್ಬಾಳದಲ್ಲಿ ಪ್ರಾರಂಭವಾದ ಪ್ರಯೋಗ ಕ್ಷೇತ್ರವೇ ಮುಂದೆ ಬೆಳೆದು, ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಮೂಲವಾಯಿತು. ಅಲ್ಲಿ ನಾಲ್ಕು ವರ್ಷಗಳ ಕೃಷಿ ಪದವಿಯೊಳಗೆ ಕೀಟ, ಮಣ್ಣು, ಪರಿಸರಗಳ ಪಾಠಗಳು ಸೇರಿವೆ. ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯಶಾಸ್ತ್ರದ ಕಾಲೇಜುಗಳಿವೆ. ಬೆಂಗಳೂರು, ಮೈಸೂರು, ಕುವೆಂಪು ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನದ ಪದವಿ ಪಡೆದವರಿಗೆ ಪರಿಸರ ವಿಜ್ಞಾನದ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೮೩ರಲ್ಲಿ ಮಾಧವ ಗಾಡ್ಗೀಳರ ಪ್ರಯತ್ನದಿಂದ ಪರಿಸರ ವಿಜ್ಞಾನ ಕೇಂದ್ರವು ಸ್ಥಾಪಿತವಾಗಿ, ಮೇಲ್ಮಟ್ಟದ ಸಂಶೋಧನೆಗೆ ಅವಕಾಶವಾಯಿತು.

ಕೃಷಿ ಮತ್ತು ಅರಣ್ಯ ಪದವಿಗಳಿಗೆ ಸೇರಲು ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಸಹಿತವಾದ ವಿಜ್ಞಾನವನ್ನು ಓದಿ, ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ವ್ಯವಸಾಯಗಾರರ ಮಕ್ಕಳಿಗೆ ಪ್ರತ್ಯೇಕವಾದ ಪಾಲಿದೆ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಉಪಕರಣ ಮೊದಲಾದವುಗಳನ್ನು ಗುರುತಿಸಬೇಕಾಗುವುದು. ಹೊಲದಲ್ಲಿ ಕೈ ಕೆಸರು ಮಾಡಿಕೊಂಡ ಹುಡುಗನಿಗೂ ಹುಡುಗಿಗೂ ಇದು ಅನುಕೂಲವೇ.

ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಪರಿಸರದ ಪಾಠವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ವಿಧಿಸಿತು. ಆ ಪಾಠವು ರುಚಿ ನೋಡುವಷ್ಟು ಮಾತ್ರ. ಅದನ್ನು ಓದಿದವನು ಶಾಸ್ತ್ರಜ್ಞನಾಗಲಾರನು. ಉದ್ಯೋಗದ ವಿಷಯದಲ್ಲಿಯೂ ತಂದೆತಾಯಿಗಳಿಗೆ ನಿಜ ತಿಳಿದಿರಬೇಕು. ಅರಣ್ಯ ಸೇವೆ, ಅಧ್ಯಾಪಕ ವೃತ್ತಿ, ಸಂಶೋಧನೆ ಇವುಗಳಿಗೆ ದಾರಿಯಿದೆ. ಆದರೆ ಸ್ಥಾನಗಳು ಪರಿಮಿತ, ಸ್ಪರ್ಧೆ ಹೆಚ್ಚು. ಬೇಗ ಸಂಬಳವೇ ಬೇಕೆನ್ನುವವರು ಇದನ್ನು ಆರಿಸುವ ಮೊದಲು ಯೋಚಿಸುವುದು ಒಳ್ಳೆಯದು. ಸ್ವಂತ ಭೂಮಿಯುಳ್ಳವರ ಮಕ್ಕಳ ವಿಷಯವಾದರೋ ಬೇರೆ. ಉದ್ಯೋಗ ದೊರೆತರೂ ದೊರೆಯದಿದ್ದರೂ ಕಲಿತ ವಿದ್ಯೆಗೆ ಮನೆಯ ತೋಟದಲ್ಲಿಯೇ ಕೆಲಸವಿದೆ.

೭. ಗ್ರಾಮ ಮುಖಂಡರು ಮಾಡತಕ್ಕ ಕೆಲಸಗಳು

ಒಂದು: ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ಕೆಲವು ತಿಂಗಳು ತಂಗಿ ಅನುಭವ ಪಡೆಯುವ ಏರ್ಪಾಡಿದೆ. ಅಂಥವರು ಬಂದಾಗ ಇಳಿದುಕೊಳ್ಳಲು ಜಾಗ ಕೊಟ್ಟು, ಊರಿನ ಕೆರೆಯ ಹೂಳು, ಗೋಮಾಳದ ಸಸಿ, ತೋಟದ ಕೀಟ ಇವುಗಳಲ್ಲಿ ಒಂದನ್ನು ಎಣಿಸಿ ಬರೆದುಕೊಡುವಂತೆ ಕೇಳಬೇಕು.

ಎರಡು: ೨೦೦೨ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ಊರಿನ ಗಿಡ, ತಳಿ, ಪ್ರಾಣಿಗಳ ದಾಖಲೆಯನ್ನು ಬರೆಸತಕ್ಕದ್ದು. ಈ ಪುಸ್ತಕವು ಕಪಾಟಿನಲ್ಲಿರುವುದಕ್ಕಾಗಿ ಅಲ್ಲ. ಓದಿದ ಯುವಕ ಯುವತಿಯರಿಂದಲೂ ಬಲ್ಲ ಹಿರಿಯರಿಂದಲೂ ಅದನ್ನು ವರ್ಷವರ್ಷವೂ ತಿದ್ದಿಸುತ್ತಿರಬೇಕು. ಗಿಡದ ಹೆಸರು ಅಜ್ಜಿಗೆ ಗೊತ್ತು, ಅಳತೆ ಮೊಮ್ಮಗಳಿಗೆ ಗೊತ್ತು. ಇಬ್ಬರೂ ಕೂಡಿದರೆ ದಾಖಲೆಯು ಪೂರ್ಣವಾಗುತ್ತದೆ.

ಮೂರು: ತೋಟದ ಒಂದು ಮೂಲೆಯಲ್ಲಿ ಎರಡು ಸಾಲನ್ನು ಔಷಧಿಯಿಲ್ಲದೆ ಬಿಟ್ಟು, ಉಳಿದದ್ದರೊಡನೆ ಹೋಲಿಸಿ ನೋಡಬೇಕು. ಔಷಧಿಗೆ ಕೊಟ್ಟ ಹಣವು ಬೆಳೆಯಲ್ಲಿ ಮರಳಿ ಬಂತೋ ಇಲ್ಲವೋ ಎಂಬುದು ಆಗ ಮಾತ್ರ ಗೊತ್ತಾಗುವುದು.

ನಾಲ್ಕು: ಊರಿನಲ್ಲಿ ದನಕ್ಕೆ ಯಾವ ನೋವುನಿವಾರಕ ಕೊಡಲಾಗುತ್ತಿದೆಯೆಂದು ಪಶುವೈದ್ಯರೊಡನೆ ವಿಚಾರಿಸಿ, ನಿಷೇಧಿತವಾದವುಗಳನ್ನು ಯಾರೂ ಬಳಸದಂತೆ ಸಭೆಯಲ್ಲಿ ತಿಳಿಸಬೇಕು.

ಪಟೇಲ ಶಾನುಭೋಗರ ಕಾಲದಲ್ಲಿ ಊರಿನ ಪ್ರತಿ ಕುಂಟೆಯ ಕಂದಾಯಕ್ಕೂ ಲೆಕ್ಕವಿತ್ತು. ಆ ಕುಂಟೆಯಲ್ಲಿ ಬದುಕುವ ಜೀವಿಗಳಿಗೆ ಲೆಕ್ಕವಿರಲಿಲ್ಲ. ಆಗ ಭೂಮಿಯು ಆ ಕೊರತೆಯನ್ನು ಸಹಿಸಿಕೊಂಡಿತು. ಈಗ ಕೊಳವೆ ಬಾವಿ, ವಿಷದ ಔಷಧಿ, ಹೊರದೇಶದ ಕೀಟ ಇವು ಮೂರೂ ಹಳ್ಳಿಗೆ ಬಂದಿರುವ ಕಾಲದಲ್ಲಿ ಲೆಕ್ಕವಿಲ್ಲದೆ ನಡೆಯುವ ವ್ಯವಸಾಯವು ನಷ್ಟವನ್ನು ತಡವಾಗಿ ತಿಳಿಯುತ್ತದೆ. ಆ ಲೆಕ್ಕವನ್ನು ಬರೆಯಬಲ್ಲ ಒಬ್ಬ ಮಗನಾಗಲಿ ಮಗಳಾಗಲಿ ಪ್ರತಿ ಹೋಬಳಿಯಲ್ಲಿಯೂ ಇರುವಂತೆ ನೋಡಿಕೊಳ್ಳುವುದು ಜಮೀನುದಾರರ ಕೈಯಲ್ಲಿದೆ. ಚೌಕ ಅಳೆಯುವ ಹಗ್ಗವನ್ನು ಮುಂಗಾರಿಗೆ ಮುಂಚೆಯೇ ಹಿಡಿದರೆ, ಮೊದಲ ವರ್ಷದ ಎಣಿಕೆಯು ಮಳೆ ಬೀಳುವುದರೊಳಗೆ ಮುಗಿಯುತ್ತದೆ.